ಕೋಲಿನ ಬಲೆಯಲ್ಲಿ ತೆಂಗಿನಕಾಯಿ

ನಾನು ಲಂಡನ್ನಿನಲ್ಲಿ ದೊಡ್ಡ ಆಟಗಾರ್ತಿ ಎಂಬ ಸುದ್ದಿ ಧಾರವಾಡದ ನಮ್ಮ ಬಂಧುಬಳಗದಲ್ಲೆಲ್ಲ ಹಬ್ಬಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ. ಹಬ್ಬಿಸಿದವಳು ಅವ್ವ. "ಲೀಗ್‌ನ್ಯಾಗ ಆಡ್ತಾಳ್ರೀ" ಎಂದು ಅವಳು ಫೋನಿನಲ್ಲಿ ಹೇಳಿದ್ದೇ ತಡ, ಅತ್ತ ಕಡೆ ಆ ಮಾತು ಸಂಬಳ, ಜಾಹೀರಾತು, ಟೀವಿ ಎಲ್ಲವನ್ನೂ ಸೇರಿಸಿಕೊಂಡು ಬೆಳೆಯಿತು. ನಾನು ಆಡುತ್ತಿದ್ದುದು ಪಶ್ಚಿಮ ಲಂಡನ್ನಿನ ಒಂದು ಹೆಂಗಸರ ಲಕ್ರಾಸ್ ಕ್ಲಬ್ಬಿನ ಮೂರನೇ ತಂಡದಲ್ಲಿ. ಲೀಗ್ ಇದ್ದದ್ದು ಸುಳ್ಳಲ್ಲ. ಅದರ ಕಟ್ಟಕಡೆಯ ಡಿವಿಷನ್ನಿನಲ್ಲಿ, ಕಟ್ಟಕಡೆಯ ಸ್ಥಾನದಲ್ಲಿ ನಾವಿದ್ದೆವು. ನಮ್ಮ ಕೆಳಗೆ ಹುಲ್ಲು ಮಾತ್ರ ಇತ್ತು.

ಲಕ್ರಾಸ್ ನೋಡದವರಿಗೆ ಹೇಳಬೇಕೆಂದರೆ, ಒಂದು ಉದ್ದನೆಯ ಕೋಲು, ಅದರ ತುದಿಗೆ ತೊಗಲಿನ ಪಟ್ಟಿ ಮತ್ತು ದಾರದಿಂದ ಹೆಣೆದ ಪುಟ್ಟ ಬಲೆ. ಗಟ್ಟಿ ರಬ್ಬರಿನ ಚೆಂಡನ್ನು ಬಲೆಯಲ್ಲೇ ಹಿಡಿಯಬೇಕು, ಬಲೆಯಲ್ಲೇ ತೂಗಿಸುತ್ತ ಓಡಬೇಕು, ಬಲೆಯಿಂದಲೇ ಬೀಸಿ ಗೋಲಿಗೆ ಎಸೆಯಬೇಕು. ಒಂದೊಂದು ಕಡೆ ಹನ್ನೆರಡು ಜನ. ಹೆಂಗಸರ ಆಟದಲ್ಲಿ ಗೋಲು ಕಾಯುವವಳನ್ನು ಬಿಟ್ಟರೆ ಯಾರಿಗೂ ಹೆಲ್ಮೆಟ್ ಇಲ್ಲ. ಹಲ್ಲು ಉಳಿಯಲಿ ಎಂದು ಬಾಯೊಳಗೆ ಒಂದು ರಬ್ಬರಿನ ಗಾರ್ಡ್ ಕಚ್ಚಿಕೊಳ್ಳುತ್ತೇವೆ, ಅಷ್ಟೇ. ಅದನ್ನು ಕಚ್ಚಿಕೊಂಡು "ಇತ್ತ ಕೊಡು" ಎಂದು ನಾನು ಕೂಗಿದರೆ ಎದುರಾಳಿಗಳು ಯಾವುದೋ ಪ್ರಾಣಿ ಮೈದಾನಕ್ಕೆ ನುಗ್ಗಿತೆಂದು ತಿರುಗಿ ನೋಡುತ್ತಿದ್ದರು.

ತಂಡಕ್ಕೆ ನನ್ನನ್ನು ಆರಿಸಿದ್ದು ಪ್ರತಿಭೆ ನೋಡಿ ಅಲ್ಲ. ನನಗಾಗ ಹತ್ತೊಂಬತ್ತು ವರ್ಷ, ಲಂಡನ್ನಿನ ಅಂಚಿನ ಪಿನ್ನರ್‌ನ ಮನೆಯಿಂದ ಕಾಲೇಜಿಗೆ ಓಡಾಡುತ್ತಿದ್ದೆ. ಒಂದು ಸಂಜೆ ಬಸ್ಸಿನ ಹಿಂದೆ ಕೈಬೀಸುತ್ತ ಓಡಿದೆ. ಬಸ್ಸು ಸಿಗಲಿಲ್ಲ. ನಿಲ್ದಾಣದಲ್ಲಿ ನಿಂತಿದ್ದ ಒಬ್ಬ ಎತ್ತರದ ಹೆಂಗಸು, ಶಾಲೆಯೊಂದರ ಆಟದ ಟೀಚರು, ಬಿದ್ದೂಬಿದ್ದು ನಕ್ಕಳು. ನಗು ಮುಗಿಸಿ, ನಿನಗೆ ಶನಿವಾರ ಏನು ಕೆಲಸ ಎಂದು ಕೇಳಿದಳು. ಅವಳೇ ನಮ್ಮ ಕ್ಯಾಪ್ಟನ್. ಅವಳ ತಂಡದಲ್ಲಿ ಆಗ ಹನ್ನೊಂದೇ ಜನ ಇದ್ದರು. ಹನ್ನೆರಡನೆಯವಳಿಗೆ ಎರಡು ಕಾಲಿದ್ದರೆ ಸಾಕಿತ್ತು.

ಮನೆಯಲ್ಲಿ ಅಪ್ಪ ಎಲುಬಿನ ಡಾಕ್ಟರು, ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜನ್. ಅವ್ವ ಜೀಪಿ, ಎಂದರೆ ಬಡಾವಣೆಯ ಸಣ್ಣ ದವಾಖಾನೆಯಲ್ಲಿ ಎಲ್ಲ ಕಾಯಿಲೆಗೂ ನೋಡುವ ಡಾಕ್ಟರು. ಊರು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಇಬ್ಬರ ಧಾರವಾಡ ಕನ್ನಡಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ಅಪ್ಪ ಕಿವಿ ಕೇಳಿಸದವನಂತೆ ಕೂತುಬಿಡುತ್ತಿದ್ದ. ಹಾಗಾಗಿ ನನಗೆ ಕನ್ನಡ ಬಂತು. ಮೊದಲ ಪ್ರಾಕ್ಟೀಸ್ ಮುಗಿಸಿ ನಾನು ಬದನೆಕಾಯಿ ಬಣ್ಣದ ಹೆಬ್ಬೆರಳು ಹೊತ್ತು ಮನೆಗೆ ಬಂದಾಗ ಅಪ್ಪ ಅದನ್ನು ಲೈಟಿನ ಕೆಳಗೆ ಹಿಡಿದು ತಿರುಗಿಸಿ ನೋಡಿದ.

"ಇದು ಆಟ ಅಲ್ಲ ಯವ್ವಾ, ನನಗ ಗಿರಾಕಿ ಹುಟ್ಸೋ ಕಾರ್ಖಾನಿ."

"ಏನೂ ಆಗಿಲ್ಲಪ್ಪಾ. ಬರೇ ಬಣ್ಣ ಬದಲಾಗೇತಿ."

"ಈ ಸೀಸನ್ ಆಡು, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಎಲಬು ಮುರೀತಂದ್ರ ಅವತ್ತಿಗೆ ಮುಗೀತು. ಮತ್ತ ನನ್ನ ಮುಂದ ಅಳಬಾರದು."

ಅವ್ವ ಅಡುಗೆಮನೆಯಿಂದ, "ಅಕಿ ಎಲಬು ಮುರ್ಕೊಳ್ಳೂದಕ್ಕ ಕೋಲು ಯಾಕ ಬೇಕ್ರೀ, ಮೆಟ್ಟಲಾ ಸಾಕು," ಎಂದಳು. ಹಿಂದಿನ ವಾರವಷ್ಟೇ ನಾನು ಲಾಂಡ್ರಿ ಬುಟ್ಟಿಯ ಸಮೇತ ಮೆಟ್ಟಿಲು ಉರುಳಿ, ಬುಟ್ಟಿಗಿಂತ ಮೊದಲು ಕೆಳಗೆ ತಲುಪಿದ್ದೆ.

ಅಪ್ಪನ ಮಾತು ತಮಾಷೆಯದಲ್ಲ ಎಂದು ನನಗೆ ಗೊತ್ತಿತ್ತು. ಪ್ರತಿ ಸೋಮವಾರ ಆಸ್ಪತ್ರೆಯಲ್ಲಿ ಅವನೆದುರು ಬಂದು ಕೂರುತ್ತಿದ್ದುದೇ ಶನಿವಾರ ಭಾನುವಾರದ ಆಟಗಾರರು. ಸೊಟ್ಟಾದ ಬೆರಳು, ಜಾರಿದ ಭುಜ ನೋಡಿ ನೋಡಿ ಅವನಿಗೆ ಮೈದಾನವೆಂದರೆ ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚೇ ಕಾಣುತ್ತಿತ್ತು. ಪಂದ್ಯ ನೋಡಲು ಬಾ ಎಂದರೆ ಒಲ್ಲೆ ಎನ್ನುತ್ತಿದ್ದ. ನನಗೋ ಆ ತಂಡ ಬೇಕೇಬೇಕಾಗಿತ್ತು. ಕಾಲೇಜಿನಲ್ಲಿ, ಮದುವೆ ಮುಂಜಿಯಲ್ಲಿ, ಕನ್ನಡದವರ ದೀಪಾವಳಿ ಕೂಟದಲ್ಲಿ, ಎಲ್ಲೆಡೆ ನಾನು ನಗಿಸುವ ಹುಡುಗಿ. ಮೈದಾನದಲ್ಲಿ ಮಾತ್ರ ಯಾರೋ ಒಬ್ಬಳು ಅವಸರದಲ್ಲಿ ನನ್ನ ಹೆಸರು ಕೂಗುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ನಾನು ಚೆಂಡು ಕೈಬಿಡುತ್ತಿದ್ದೆ. ಆದರೂ ಹತ್ತನೇ ಸಲವೂ ಕೂಗುತ್ತಿದ್ದರು.

ಅಕ್ಟೋಬರಿನಲ್ಲಿ ನಮ್ಮ ಮೊದಲ ಪಂದ್ಯ ಶನಿವಾರ ಬಿತ್ತು. ಅವತ್ತೇ ಖಂಡೇನವಮಿ. ನಮ್ಮ ಕಡೆ ಹಿಂದಿನ ದಿನವೇ ಆಯುಧಗಳನ್ನೆಲ್ಲ ತೊಳೆದು ಪೂಜೆಗೆ ಕೂಡಿಸುತ್ತಾರೆ. ಹಾಗೆ ಕೂಡಿಸಿದ್ದನ್ನು ಮೂರನೇ ದಿನ, ವಿಜಯದಶಮಿಗೆ, ಬನ್ನಿ ಹಂಚಿಕೊಂಡ ಮೇಲೆಯೇ ಎತ್ತಬೇಕು. ಪಿನ್ನರ್‌ನಲ್ಲಿ ಬನ್ನಿ ಗಿಡ ಇಲ್ಲದ್ದರಿಂದ ಬೇಲಿಯ ಎಲೆ ಕಿತ್ತು ಬಂಗಾರವೆಂದು ಕೊಡುತ್ತಿದ್ದೆವು. ಶನಿವಾರ ಬೆಳಿಗ್ಗೆ ನಾನು ಕಣ್ಣುಜ್ಜಿಕೊಂಡು ಕೆಳಗೆ ಬಂದರೆ ಊಟದ ಮೇಜಿನ ಪಕ್ಕದ ಮಣೆಯ ಮೇಲೆ ಅವ್ವನ ಬೀಪಿ ಯಂತ್ರ, ಅಪ್ಪನ ಸ್ಟೆತಸ್ಕೋಪು, ಕಾರಿನ ಕೀಲಿ, ಈಳಿಗೆ, ಸ್ಕ್ರೂಡ್ರೈವರು. ನಡುವೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದು ನನ್ನ ಕೋಲು. ಅದಕ್ಕೆ ಮೇಲಿಂದ ಕೆಳಗಿನವರೆಗೆ ಅರಿಷಿಣ ಕುಂಕುಮ, ಚೆಂಡುಹೂವಿನ ಸರ. ಬಲೆಯೊಳಗೆ, ಹೇಳಿ ಮಾಡಿಸಿದಂತೆ, ಮೊಮ್ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಂತೆ, ನೀರಲ್ಲಿ ತೊಳೆದ ಒಂದು ದೊಡ್ಡ ತೆಂಗಿನಕಾಯಿ. ಅದು ಶುಕ್ರವಾರ ಸಂಜೆಯಿಂದ ಅಲ್ಲೇ ಕೂತಿತ್ತು, ರಾತ್ರಿ ತಡವಾಗಿ ಬಂದು ನೇರ ಮಲಗಿದ್ದ ನಾನು ನೋಡಿರಲಿಲ್ಲ.

"ಅವ್ವಾ, ಇದನ್ಯಾರು ಇಟ್ರು?"

"ನಿಮ್ಮಪ್ಪ. ನಾ ಅಲ್ಲ."

ಆ ಕೋಲನ್ನು ಹಾವು ಕಂಡಂತೆ ನೋಡುತ್ತಿದ್ದ ಮನುಷ್ಯ ಅದನ್ನು ತೊಳೆದು, ಒರೆಸಿ, ಕುಂಕುಮ ಹಚ್ಚಿ, ತನ್ನ ಸ್ಟೆತಸ್ಕೋಪಿನ ಪಕ್ಕ ನಿಲ್ಲಿಸಿದ್ದ. ಅಪ್ಪ ಟೀ ಕುಡಿಯುತ್ತ ಪೇಪರಿನ ಹಿಂದಿನಿಂದಲೇ ಹೇಳಿದ, "ಕಾಯಿ ಎಲ್ಲಿಟ್ರೂ ಉರುಳತಿತ್ತು. ಅದರಾಗ ಛಲೋ ಕುಂತೇತಿ."

"ಇವತ್ತ ಮಧ್ಯಾಹ್ನ ನಂದು ಮ್ಯಾಚ್ ಐತಿ ಅಪ್ಪಾ."

ಪೇಪರು ಕೆಳಗಿಳಿಯಿತು. "ಖಂಡೆಕ್ಕ ಕೂಡಿಸಿದ್ದನ್ನ ನಡುವ ಎತ್ತಂಗಿಲ್ಲ."

"ಏನಂದ್ರಿ?" ಅವ್ವ ಒಲೆ ಸಣ್ಣ ಮಾಡಿ ಬಂದಳು. "ನಿನ್ನೆ ಪೂಜಿ ಮುಗದು ಹತ್ತು ನಿಮಿಷಕ್ಕ ಆಸ್ಪತ್ರಿಂದ ಫೋನ್ ಬಂತಂತ ಕಾರಿನ ಕೀಲಿ ಎತ್ಕೊಂಡು ಹ್ವಾದವರು ಯಾರು? ಕುಂಕುಮ ಹತ್ತಿದ ಕೀಲಿ."

"ಅದು ಕೆಲಸ."

"ಅಕಿಗೂ ಕೆಲಸ ಬಂದೇತಿ. ನೀವು ಎತ್ತಿದ್ರ ಧರ್ಮ, ಅಕಿ ಎತ್ತಿದ್ರ ಪಾಪ ಏನು?"

ಅಪ್ಪ ಕಪ್ಪು ಕೆಳಗಿಟ್ಟ. ಆಮೇಲೆ ಎದ್ದು ಕೋಲಿನ ಮೇಲೆ ನಾಲ್ಕು ಅಕ್ಷತೆ ಕಾಳು ಹಾಕಿ, ಕಾಯಿ ತೆಗೆದು ಕೆಳಗಿಟ್ಟು, ಕೋಲನ್ನು ನನ್ನ ಕೈಗೆ ಕೊಟ್ಟ. "ಬೆರಳು ಒಳಗ ಮಡಚಿ ಹಿಡಿ," ಎಂದ, ಅಷ್ಟೇ. ನನಗೆ ಎಷ್ಟು ಖುಷಿಯಾಯಿತೆಂದರೆ ಹೂವಿನ ಸರವನ್ನೂ ಬಿಚ್ಚದೆ ಟ್ಯೂಬ್ ರೈಲಿನಲ್ಲಿ ಹೋದೆ. ಎದುರಿಗೆ ಕೂತ ಒಂದು ಮಗು ನನ್ನನ್ನು ತೋರಿಸಿ ಅವರಮ್ಮನಿಗೆ ಏನೋ ಕೇಳಿತು. ತಾಯಿ ಮಗುವಿನ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದಳು.

ಪಂದ್ಯಕ್ಕೆ ಮೊದಲು ಅಂಪೈರು ಎಲ್ಲರ ಕೋಲುಗಳನ್ನೂ ಪರೀಕ್ಷೆ ಮಾಡುತ್ತಾರೆ. ಬಲೆಯೊಳಗೆ ಚೆಂಡು ಹಾಕಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವುದು. ಚೆಂಡಿನ ತಲೆ ಬಲೆಯ ಅಂಚಿನ ಮೇಲೆ ಕಾಣಬೇಕು. ಬಲೆ ಜೋತುಬಿದ್ದು ಚೆಂಡು ಒಳಗೆ ಮುಳುಗಿದರೆ ಕೋಲು ನಪಾಸು, ಏಕೆಂದರೆ ಆಳವಾದ ಬಲೆಯಿಂದ ಚೆಂಡನ್ನು ಯಾರೂ ಬೀಳಿಸಲಾರರು. ನಮ್ಮ ಅಂಪೈರು ಬೆಳ್ಳಿಕೂದಲಿನ, ಬೆತ್ತದಂಥ ಅಜ್ಜಿ. ಸಾಲಿನಲ್ಲಿ ಬರುತ್ತ ಬರುತ್ತ ನನ್ನ ಕೋಲು ಹಿಡಿದವಳೇ ತನ್ನ ಅಂಗೈ ನೋಡಿಕೊಂಡು ಬೆಚ್ಚಿದಳು. ಅಂಗೈ ತುಂಬ ಕೆಂಪು. ರಕ್ತ ಬರುತ್ತಿದೆ, ಯಾರಿಗೆ ಪೆಟ್ಟಾಯಿತು, ಮೊದಲು ಎಲ್ಲರೂ ಕೈ ತೋರಿಸಿ ಎಂದಳು. ಇಪ್ಪತ್ತನಾಲ್ಕು ಹೆಂಗಸರು ಕೈ ಚಾಚಿ ನಿಂತರು. ಬಾಯಲ್ಲಿ ಗಾರ್ಡ್ ಕಚ್ಚಿಕೊಂಡೇ ನಾನು ಕುಂಕುಮದ ಮಹಾತ್ಮೆ ವಿವರಿಸಲು ಹೋದೆ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಅಜ್ಜಿಗೆ ನನ್ನ ಬಾಯಿಗೇ ಪೆಟ್ಟಾಗಿದೆ ಎನಿಸಿತು.

ಅದೆಲ್ಲ ಮುಗಿದ ಮೇಲೆ ಅವಳು ಚೆಂಡು ಹಾಕಿ ನೋಡಿದಳು. ಚೆಂಡು ಮಾಯವಾಯಿತು. ರಾತ್ರಿಯಿಡೀ ಒದ್ದೆ ತೊಗಲಿನ ಮೇಲೆ ಕೂತಿದ್ದ ತೆಂಗಿನಕಾಯಿ ಬಲೆಯನ್ನು ಸಂತೆಚೀಲ ಮಾಡಿಟ್ಟಿತ್ತು. ಬೇಕಾದರೆ ಅದರಲ್ಲಿ ಒಂದು ಸೇರು ಮೆಣಸಿನಕಾಯಿ ತರಬಹುದಿತ್ತು. ಇಷ್ಟು ಆಳ ಹೇಗಾಯಿತೆಂದು ಅಂಪೈರು ಕೇಳಿದಳು. ನಾನು ಗಾರ್ಡ್ ತೆಗೆದು, ನಮ್ಮ ತಂದೆ ರಾತ್ರಿ ಇದರಲ್ಲಿ ತೆಂಗಿನಕಾಯಿ ಇಟ್ಟಿದ್ದರು ಎಂದೆ. ಮೂವತ್ತು ವರ್ಷದಿಂದ ಅಂಪೈರಾಗಿದ್ದೇನೆ, ಈ ನೆಪ ಹೊಸದು ಎಂದಳು. ಕ್ಯಾಪ್ಟನ್ ತೊಗಲಿನ ಪಟ್ಟಿ ಎಳೆದು ಬಿಗಿಮಾಡಲು ನೋಡಿದಳು, ಪಟ್ಟಿ ಪಟ್ಟನೆ ಹರಿಯಿತು. ಕೊನೆಗೆ ಅವಳ ಕಾರಿನ ಡಿಕ್ಕಿಯಲ್ಲಿದ್ದ, ಶಾಲೆಮಕ್ಕಳು ಕಲಿಯುವ ಮೋಟು ಕೋಲು ಹಿಡಿದು ನಾನು ಲೀಗಿಗೆ ಕಾಲಿಟ್ಟೆ. ದೂರದಿಂದ ನೋಡಿದವರಿಗೆ ಸಾರಿನ ಸೌಟು ಹಿಡಿದು ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಾಳೆ ಎನಿಸಿರಬೇಕು. ಎಷ್ಟು ಗೋಲಿನಿಂದ ಸೋತೆವೆಂದು ಹೇಳುವುದಿಲ್ಲ. ಎದುರಾಳಿಗಳೇ ಕೊನೆಕೊನೆಗೆ ಎಣಿಸುವುದನ್ನು ಬಿಟ್ಟಿದ್ದರು.

ಮನೆಗೆ ಬಂದು ಇದನ್ನೆಲ್ಲ ಕುಣಿದು ಅಭಿನಯಿಸಿ ತೋರಿಸಿದೆ. ಅವ್ವ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ನಗಲಿಲ್ಲ. ಹರಿದ ಪಟ್ಟಿಯನ್ನು ಬೆರಳಲ್ಲಿ ಹಿಡಿದು, "ಯಾವ ಅಳತಿ ಇರಬೇಕು ಇದು?" ಎಂದು ಕೇಳಿದ.

ಮರುದಿನ ವಿಜಯದಶಮಿ. ಬೇಲಿಯೆಲೆ ಹಂಚಿ, ಬಂಗಾರದಂಗ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿ, ಹೋಳಿಗೆ ಉಂಡು ನಾನು ಒಂದು ಗಳಿಗೆ ಮಲಗಿದೆ. ಎದ್ದು ಬಂದರೆ ಅಪ್ಪ ಊಟದ ಮೇಜಿಗೆ ಹಳೆಯ ಟವೆಲ್ ಹಾಸಿ, ಕೋಲನ್ನು ಅಂಗಾತ ಮಲಗಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿದ್ದ. ಕೈಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವ ಹಳೇ ಚಿಮುಟ. ಬೂಟಿನ ಲೇಸಿನಿಂದ ಬಲೆಯನ್ನು ಮತ್ತೆ ಹೆಣೆಯುತ್ತಿದ್ದ, ಒಂದೊಂದು ಗಂಟಿಗೂ ಎಡಕ್ಕೊಂದು ಬಲಕ್ಕೊಂದು ಸುತ್ತು. ಪ್ರತಿ ಸಾಲಿಗೊಮ್ಮೆ ಚೆಂಡು ಹಾಕಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅವ್ವ ನನಗೆ ಸುಮ್ಮನಿರೆಂದು ಸನ್ನೆ ಮಾಡಿದಳು. ನಾನು ಬಾಗಿಲಲ್ಲೇ ನಿಂತುಕೊಂಡೆ. ಅಪ್ಪ ಕೆಲಸ ಮಾಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲೇ ಇಲ್ಲ. ಅವನ ಕೆಲಸ ನಡೆಯುತ್ತಿದ್ದುದು ಮುಚ್ಚಿದ ಬಾಗಿಲ ಹಿಂದೆ, ಜನ ಎಚ್ಚರ ತಪ್ಪಿ ಮಲಗಿದ್ದಾಗ. ಅಷ್ಟು ದಪ್ಪ ಬೆರಳುಗಳು ಅಷ್ಟು ಮೆತ್ತಗೆ ಓಡಾಡಬಲ್ಲವೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಅಂಪೈರು ಆ ಬಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವ ಅಂಗಡಿಯದೆಂದು ಕೇಳಿದಳು. ಅಲ್ಲಿಂದ ಶುರುವಾಯಿತು. ಮೊದಲು ಕ್ಯಾಪ್ಟನ್ನಿನ ಕೋಲು ನಮ್ಮ ಮನೆಗೆ ಬಂತು. ಆಮೇಲೆ ಗೋಲ್‌ಕೀಪರಳದು. ಡಿಸೆಂಬರಿನಲ್ಲಿ ಮೈದಾನಗಳು ಹಿಮಗಟ್ಟಿ ಪಂದ್ಯಗಳು ರದ್ದಾಗತೊಡಗಿದಾಗ ಇಡೀ ತಂಡದ ಕೋಲುಗಳು ನಮ್ಮ ಹಜಾರದಲ್ಲಿ ಗೋಡೆಗೆ ಒರಗಿ ನಿಂತಿದ್ದವು. ಆಸ್ಪತ್ರೆಯಿಂದ ಬಂದ ಅಪ್ಪ ಕೋಟು ಬಿಚ್ಚುತ್ತಲೇ ಅವುಗಳ ಮುಂದೆ ರೌಂಡ್ಸ್ ಹೊಡೆಯುತ್ತಿದ್ದ.

"ಇದು ಯಾರದು? ಎಡಗೈ ಹುಡುಗೀದೇನು?"

"ನಿನಗ ಹೆಂಗ ಗೊತ್ತಾತು?"

"ಬಲೀ ಒಂದ ಕಡೆ ಸವದೇತಿ. ಅಕಿಗೆ ಹೇಳು, ಮಣಿಕಟ್ಟು ಭಾಳ ತಿರುವ್ತಾಳ, ನಲವತ್ತಕ್ಕ ನನ್ನ ಹತ್ರ ಬರ್ತಾಳ."

"ಮನಿ ಅಲ್ಲಿದು, ಓಪೀಡಿ," ಎಂದು ಅವ್ವ ಕೋಲುಗಳನ್ನು ದಾಟಿಕೊಂಡು ಅನ್ನದ ಪಾತ್ರೆ ತರುತ್ತಿದ್ದಳು. "ಒಂದರ ಪೇಶಂಟು ನಡಕೊಂಡು ಮನಿಗೆ ಹೋಗಲಿ ನೋಡೋಣು."

ತಂಡದವರೆಲ್ಲ ಅಪ್ಪನ ಯೋಗಕ್ಷೇಮ ಕೇಳುತ್ತಿದ್ದರು. ಯಾರೂ ಅವನ ಮುಖ ನೋಡಿರಲಿಲ್ಲ. ಕ್ಯಾಪ್ಟನ್ ಅವನನ್ನು ಪಂದ್ಯಕ್ಕೆ ಕರೆದು ಕರೆದು ಸೋತಳು. ಇತ್ತ ನಾನು ಪ್ರತಿ ಶನಿವಾರ ಸಂಜೆ ಮನೆಯ ಬಾಗಿಲಲ್ಲಿ ನಿಂತು ಕುಂಟುವುದನ್ನು ನಿಲ್ಲಿಸಿ, ಒಂದು ಉಸಿರು ಎಳೆದುಕೊಂಡು, ಸಿನಿಮಾ ನಾಯಕಿಯಂತೆ ಒಳಗೆ ನಡೆದು ಬರುತ್ತಿದ್ದೆ. ಅಪ್ಪ ತಲೆಯಿಂದ ಕಾಲಿನವರೆಗೆ ಒಮ್ಮೆ ಕಣ್ಣಾಡಿಸಿ, ಎಲ್ಲ ಇದ್ದಲ್ಲೇ ಇವೆಯೆಂದು ಖಾತ್ರಿ ಮಾಡಿಕೊಂಡು, ನನ್ನ ಕೈಯಿಂದ ಕೋಲು ಇಸಿದುಕೊಳ್ಳುತ್ತಿದ್ದ. ಹೀಗೆ ಮಾರ್ಚಿನವರೆಗೆ ನನ್ನ ಎಲುಬುಗಳು ಮಾನ ಉಳಿಸಿದವು.

ಸೀಸನ್ನಿನ ಕೊನೆಯ ಪಂದ್ಯದ ದಿನ ನಮ್ಮ ಕಡೆಯ ಟ್ಯೂಬು ರಿಪೇರಿಗೆಂದು ಬಂದ್ ಆಗಿತ್ತು. ಅಪ್ಪನೇ ಕಾರಿನಲ್ಲಿ ಬಿಟ್ಟ. ಮೈದಾನಕ್ಕೆ ಬೆನ್ನು ಹಾಕಿ ಕಾರು ನಿಲ್ಲಿಸಿ, "ನಾ ಇಲ್ಲೇ ಪೇಪರ್ ಓದ್ತೀನಿ, ನೀ ಹೋಗು," ಎಂದ. ಪಾರ್ಕಿಂಗಿಗೂ ಮೈದಾನಕ್ಕೂ ನಡುವೆ ಎದೆಮಟ್ಟದ ಒಂದು ಬೇಲಿ.

ಅವತ್ತು ನಾನು ಚೆನ್ನಾಗಿ ಆಡಿದೆ. ಎಂದರೆ, ಎರಡು ಸಲ ಚೆಂಡು ಹಿಡಿದೆ. ಎರಡನೇ ಸಲ ಹಿಡಿದಾಗ ಎದುರಿಗೆ ಯಾರೂ ಇರಲಿಲ್ಲ, ಗೋಲು ತೆರೆದೇ ಇತ್ತು. ಕ್ಯಾಪ್ಟನ್ ಹಿಂದಿನಿಂದ ನನ್ನ ಹೆಸರು ಕೂಗುತ್ತಿದ್ದಳು. ನಾನು ಓಡಿದೆ. ಪಕ್ಕದಿಂದ ಯಾರದೋ ಕೋಲು ಬೀಸಿ ಬಂದು ನನ್ನ ಎಡಗೈಯ ಕಿರುಬೆರಳಿಗೆ ಬಡಿಯಿತು. ಹಪ್ಪಳ ಮುರಿದ ಸದ್ದು. ಎಲುಬಿನ ಡಾಕ್ಟರ ಮಗಳಿಗೆ ಆ ಸದ್ದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಗೋಲು ಎದುರಿಗಿತ್ತು. ಕಣ್ಣು ಮುಚ್ಚಿ ಬೀಸಿದೆ. ಚೆಂಡು ಗೋಲಿನ ಮೇಲಿಂದ, ಬೇಲಿಯ ಮೇಲಿಂದ ಹಾರಿ ಪಾರ್ಕಿಂಗಿಗೆ ಹೋಯಿತು. ಆ ಚೆಂಡು ಗೋಲಿನಿಂದ ದೂರ ಹೋದಷ್ಟು ದೂರ ಆ ಲೀಗಿನಲ್ಲಿ ಯಾವ ಚೆಂಡೂ ಹೋಗಿರಲಿಕ್ಕಿಲ್ಲ.

ತರಲು ಓಡಿದೆ. ಬೇಲಿಯ ಆಚೆ ಅಪ್ಪ ನಿಂತಿದ್ದ, ಕೈಯಲ್ಲಿ ಚೆಂಡು. ಪೇಪರು ಎಲ್ಲೂ ಕಾಣಲಿಲ್ಲ. ಬೂಟಿನ ಕೆಳಗಿನ ಹುಲ್ಲು ಕೆಸರಾಗಿತ್ತು, ಪಂದ್ಯ ಶುರುವಾದಾಗಿನಿಂದ ಅಲ್ಲೇ ನಿಂತವನಂತೆ. ಅವನು ಚೆಂಡು ಮೆಲ್ಲಗೆ ಎಸೆದ. ನಾನು ಬಲಗೈ ಒಂದರಲ್ಲೇ ಕೋಲು ಚಾಚಿದೆ, ಎಡಗೈಯನ್ನು ಬೆನ್ನ ಹಿಂದೆ ಕಳ್ಳಿಯಂತೆ ಇಟ್ಟುಕೊಂಡು. ಚೆಂಡು ನನ್ನ ಕಾಲಬುಡದಲ್ಲಿ ಬಿತ್ತು. ಅಪ್ಪ ಆ ಕೈ ಇರಬೇಕಾದ ಜಾಗವನ್ನೇ ನೋಡಿದ.

"ಎಷ್ಟೊತ್ತೈತಿ ಇನ್ನ?"

"ಐದು ನಿಮಿಷ."

"ಹೋಗು. ಮುಗಿಸ್ಕೊಂಡು ಬಾ."

ಸೋತೆವು. ಕ್ಯಾಪ್ಟನ್ ಬಂದು ಅಪ್ಪನ ಕೈ ಕುಲುಕಿ, ಇಡೀ ತಂಡದ ಬಲೆಗಳು ನಿಮ್ಮವೇ ಎಂದಳು. ಅಪ್ಪ ಹೂಂ ಹೂಂ ಎನ್ನುತ್ತಲೇ ಕೋಲಿಗೆ ಸುತ್ತುವ ಟೇಪು ಇಸಿದುಕೊಂಡು ನನ್ನ ಕಿರುಬೆರಳನ್ನು ಉಂಗುರಬೆರಳಿಗೆ ಸೇರಿಸಿ ಸುತ್ತಿದ. ನೋವಾಯಿತೇ ಎಂದು ಕೇಳಲಿಲ್ಲ. ನನ್ನ ಬಾಯಿಗೆ ಮೊದಲ ಸಲ ಒಂದು ಜೋಕೂ ಬರಲಿಲ್ಲ. ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಬೆರಳಿಗಾಗಿ ಅಲ್ಲ, ಎಲುಬು ಮುರಿದರೆ ಆಟ ಅವತ್ತಿಗೆ ಮುಗಿಯಿತು ಎಂದಿದ್ದ ಅಪ್ಪನ ಮಾತಿಗಾಗಿ.

ಅಪ್ಪ ತನ್ನದೇ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಕರೆದೊಯ್ದ. ಅವನೇ ಅಲ್ಲಿಯ ದೊಡ್ಡ ಸರ್ಜನ್, ಒಂದು ಬಾಗಿಲು ತಳ್ಳಿದರೆ ಕೆಲಸವಾಗುತ್ತಿತ್ತು. ಆದರೆ ಎಲ್ಲರಂತೆ ಹೆಸರು ಬರೆಸಿ, ಕೆಸರು ಬೂಟಿನಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಪಕ್ಕ ಕೂತ. ಸಂಜೆಯೆಲ್ಲ ಕೂತೆವು. ಆ ಗೆರೆ ಯಾಕೆ, ಆ ಸೀಟಿ ಯಾಕೆ, ಎಲ್ಲರೂ ಒಮ್ಮೆಲೇ ಕಲ್ಲಾಗಿ ನಿಲ್ಲುವುದು ಯಾಕೆ ಎಂದು ಒಂದೊಂದೇ ಕೇಳಿದ. ನಾನು ಮೂಗು ಸೇದುತ್ತ ಹೇಳಿದೆ.

"ನಿಮ್ಮ ಆ ಉದ್ದನ ಕ್ಯಾಪ್ಟನ್ ಎಡಗಡೆ ಖಾಲಿ ನಿಂತಿದ್ಲು. ಅಕಿಗ್ಯಾಕ ಕೊಡಲಿಲ್ಲ?"

"ನನಗ ಗೋಲ್ ಹೊಡಿಬೇಕಾಗಿತ್ತು."

"ಹೂಂ," ಎಂದ ಅಪ್ಪ. "ನಾ ಇದ್ದಿದ್ರೂ ಹೊಡಿತಿದ್ದೆ."

ಎಕ್ಸ್‌ರೇ ಆಯಿತು. ನೋಡಿದವನು ಹೊಸ ಡಾಕ್ಟರು, ಹುಡುಗ. ಎದುರಿಗಿರುವುದು ಯಾರೆಂದು ತಿಳಿದು ಅವನ ಕಿವಿ ಕೆಂಪಾಗಿತ್ತು. ಫಿಲ್ಮನ್ನು ಲೈಟಿಗೆ ಹಾಕಿ, ಕಿರುಬೆರಳಿನ ನಡುವೆ ಕೂದಲಿನಂಥ ಗೆರೆಯೊಂದಕ್ಕೆ ಪೆನ್ನು ಇಟ್ಟು, ಬಿರುಕು ಇಲ್ಲಿದೆ ಸರ್, ಮೂಳೆ ಮುರಿದಿದೆ ಎಂದ. ನನಗೂ ಕಾಣುತ್ತಿತ್ತು. ಆ ಕೋಣೆಗೆ ಚಹಾ ತಂದವರಿಗೂ ಕಂಡಿರುತ್ತಿತ್ತು.

ಅಪ್ಪ ಕನ್ನಡಕ ಏರಿಸಿ ಹತ್ತಿರ ಹೋದ. ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ. ಆಮೇಲೆ ಹುಡುಗನ ಭುಜ ತಟ್ಟಿ, ಸರಿಯಾಗಿ ನೋಡಿದ್ದೀರಿ, ಪಟ್ಟಿ ಹಾಕಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಉಳುಕೇತಿ," ಎಂದ.

"ಅಪ್ಪಾ, ಅವರು ಮುರದೇತಿ ಅಂತಾರ."

"ಅಂವ ಹೊಸಬ."

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈಯ ಪಟ್ಟಿ ನೋಡಿದಳು, ಅಪ್ಪನ ಬೂಟು ನೋಡಿದಳು. ಅವನ ಕಂಕುಳಲ್ಲಿದ್ದ ಫಿಲ್ಮನ್ನು ಎಳೆದುಕೊಂಡು ಅಡುಗೆಮನೆಯ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದಳು. ಅಪ್ಪ ಹಜಾರದಲ್ಲೇ ನಿಂತು ಬೂಟಿನ ಲೇಸು ಬಿಚ್ಚುತ್ತಿದ್ದ. ಅಷ್ಟು ಹೊತ್ತು ಯಾರೂ ಲೇಸು ಬಿಚ್ಚುವುದಿಲ್ಲ.

"ಏನಂತೀರಿ?" ಎಂದಳು ಅವ್ವ.

"ನೀನೂ ಡಾಕ್ಟರ್ ಇದ್ದೀ. ನೀನ ಹೇಳು."

ಅವ್ವ ಫಿಲ್ಮನ್ನು ಮತ್ತೊಮ್ಮೆ ಎತ್ತಿದಳು, ಇಳಿಸಿದಳು. ಅವಳು ಅದನ್ನು ಮಡಚದೆ ನೀಟಾಗಿ ಫ್ರಿಜ್ಜಿನ ಮೇಲಿಟ್ಟು ಒಲೆ ಕಡೆಗೆ ನಡೆದಳು.

"ಉಳುಕೇತಿ," ಎಂದಳು. "ಕೈಕಾಲು ತೊಳಕೊಂಡು ಬರ್ರಿ ಇಬ್ಬರೂ, ಊಟ ಆರಾಕ್ಹತ್ತೇತಿ."